ಒಂದೇ ಉಸಿರಿಗೆ

ಮೇಲೆ ಬಿಳಿ ಕೋಟು, ಕೆಳಗೆ ಮಾಸಿದ ಪೈಜಾಮ.
ಅಡುಗೆಮನೆಯ ಮೇಜೇ ಈಗ ನನ್ನ ಕ್ಲಿನಿಕ್ಕು.
ಅಕ್ಕಿಡಬ್ಬಕ್ಕೆ ಫೋನು ಒರಗಿಸಿ
ಹದಿನಾಲ್ಕನೆಯ ರೋಗಿಗೆ ಕಾಯುತ್ತೇನೆ.
ಕಿಟಕಿಯಾಚೆ ಅರೆಕೀಪಾದ ಬೀದಿ
ತೊಳೆದು ಕವುಚಿಟ್ಟ ತಟ್ಟೆಯ ಹಾಗೆ.

ಸ್ಟೆತೋಸ್ಕೋಪು ಮೊಳೆಗೆ ತೂಗುಬಿದ್ದಿದೆ.
ಗಾಜಿನ ಮೇಲೆ ಯಾರ ಎದೆ ಮುಟ್ಟಲಿ?
ನಾಲಿಗೆ ತೋರಿಸಿ ಎಂದರೆ ಚಿತ್ರ ನಿಂತುಬಿಡುತ್ತದೆ,
ಬಾಯಿ ತೆರೆದವರು ತೆರೆದಂತೆಯೇ,
ಕೂಗಿನ ನಡುವೆ ಕಲ್ಲಾದವರು.
ಹಾಗಾಗಿ ನಾವೆಲ್ಲ ಕಲಿತ ಉಪಾಯ ಒಂದೇ:
ಗಟ್ಟಿಯಾಗಿ ಎಣಿಸಿ, ಒಂದೇ ಉಸಿರಿಗೆ,
ಎಲ್ಲಿ ನಿಲ್ಲುತ್ತೀರೋ ನೋಡೋಣ.
ಬಸ್ಸು ಓಡಿಸುತ್ತಿದ್ದ ಮುದುಕ ಮೂವತ್ತು ದಾಟಿ ನಕ್ಕ.
ಬ್ರೆಡ್ಡಿನಂಗಡಿಯವಳು ಹನ್ನೊಂದಕ್ಕೇ ಅತ್ತಳು.

ಆಮೇಲೆ ನೈದಾ,
ಕಾಯ್ಯೋಮಾದ ಮೇಲಣ ಹುಲ್ಲುಗಾವಲಿನಿಂದ.
ತೆರೆಯಲ್ಲಿ ಬರೀ ಆಕಾಶ, ಒಂದು ಕಿವಿ,
ಉಣ್ಣೆ ಟೊಪ್ಪಿಯ ಅಂಚು.
ಮತ್ತೆ ಉಸಿರು. ಅಬ್ಬಾ, ಕಮ್ಮಾರನ ತಿದಿ.
ಗಡಿಯಾರ ನೋಡಿ ಎಣಿಸಿದೆ, ನಿಮಿಷಕ್ಕೆ ನಲವತ್ತು.
ನನ್ನ ಕೈ ತಣ್ಣಗಾಯಿತು.
ಕೂತುಕೋ ಮಗೂ, ಮಾತಾಡಬೇಡ, ಹತ್ತಿರ ಯಾರಿದ್ದಾರೆ?

ಡಾಕ್ಟರ್, ಇದು ನನ್ನ ಏದುಸಿರು. ಗುಡ್ಡ ಹತ್ತಿ ಬಂದೆ.
ಸಿಗ್ನಲ್ಲು ಸಿಗುವುದು ಶಿಲುಬೆ ನೆಟ್ಟ ಬಂಡೆಯ ಹತ್ತಿರ ಮಾತ್ರ.
ಅಜ್ಜಿಯದು ಫೋನಿನೊಳಗಿದೆ.

ನಿನ್ನೆ ಚಿಕ್ಕಪ್ಪನಿಗೆ ನಾನು ಹೇಳಿದ್ದನ್ನು
ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದಳಂತೆ.
ಅಜ್ಜಿಯಿಂದ ಎಣಿಸಿ, ರೆಕಾರ್ಡು ಮಾಡಿ,
ಆ ಉಸಿರನ್ನು ಜೇಬಿಗಿಳಿಸಿಕೊಂಡು
ಹನ್ನೆರಡರ ಹುಡುಗಿ ಓಡಿದ್ದಾಳೆ ಮೇಲಕ್ಕೆ,
ನೆರೆಮನೆಯ ಒಲೆಯಿಂದ ಕೆಂಡ ತರುವವರು
ಆರದಂತೆ ಅಂಗೈ ಅಡ್ಡ ಹಿಡಿದು ಓಡುವ ಹಾಗೆ.

ಕಳಿಸಿದಳು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.
ಮೂವತ್ತೆಂಟು ಸೆಕೆಂಡು ಇಷ್ಟು ದೂರವೆಂದು
ಯಾರಿಗೆ ಗೊತ್ತಿತ್ತು.

ಮೊದಲು ಒಲೆಯ ಚಟಪಟ. ಆಮೇಲೆ ಒಂದು ಗೊಣಗು,
ಅದರ ಅರ್ಥ ನೈದಾಳೇ ಹೇಳಿದಳು:
ಏನನ್ನು ಎಣಿಸಲಿ?
ಅಲ್ಪಾಕಗಳನ್ನು ಹೋದ ವರ್ಷವೇ ಮಾರಿದಿರಲ್ಲ.
ಆಮೇಲೆ
ಹುಕ್. ಇಸ್ಕಾಯ್. ಕಿಮ್ಸ. ತಾವ.

ನನಗೆ ಕೆಚುವಾ ಬಾರದು.
ನನ್ನಜ್ಜಿಗೆ ಬರುತ್ತಿತ್ತು; ಪೇಟೆಯಲ್ಲಿ ನಮಗೆ
ನಾಚಿಕೆಯಾದೀತೆಂದು ನುಂಗಿಕೊಂಡಳು.
ಆದರೂ ಬೆರಳು ಮಡಿಸುತ್ತ ಹೋದೆ.
ಪಿಚ್ಕ. ಸೊಕ್ತ.
ಒಂದು ಸಿಳ್ಳು. ಗಾಳಿಯದೋ, ಗಂಟಲಿನದೋ.
ಕಾಂಚಿಸ್.
ಪುಸಾಕ್ ಎನ್ನುವಾಗ ಮಾತು ನಡುವೆ ಹರಿಯಿತು,
ಒದ್ದೆ ಕಾಗದದ ಹಾಗೆ, ಸದ್ದಿಲ್ಲದೆ.
ಇಸ್ಕೋನ್.
ನಾಯಿ ಬೊಗಳಿತು. ಅಲ್ಲಿಗೆ ಮುಗಿಯಿತು.

ಹತ್ತು ಇಲ್ಲವಲ್ಲ ಮಗೂ?
ಗೊತ್ತಿಲ್ಲ ಡಾಕ್ಟರ್. ಅಜ್ಜಿ ನಿಲ್ಲಿಸಿದಳೋ,
ನಾನೇ ಗುಂಡಿ ಬೇಗ ಒತ್ತಿದೆನೋ.

ತುಟಿಯ ಬಣ್ಣ?
ಒಲೆಯ ಹೊಗೆಗೆ ಎಲ್ಲರದೂ ಒಂದೇ ಬಣ್ಣ.

ಬೋರಲು ಮಲಗಿಸು. ಎದೆಯಡಿಗೆ ಕುರಿತೊಗಲು ಮಡಿಸಿಡು.
ಬಾಗಿಲು ತೆರೆದಿಡು, ಚಳಿಯೆಂದು ಬೈದರೂ.
ರಸ್ತೆಗೆ ಗಾಡಿ ಕಳಿಸುತ್ತೇನೆ ಎಂದೆ.
ಆ ಗಾಡಿ ಎಲ್ಲಿದೆಯೋ, ಯಾರ ಕಾಲು ಹಿಡಿಯಬೇಕೋ,
ಅದನ್ನು ಮಾತ್ರ ಹೇಳಲಿಲ್ಲ.

ಇನ್ನೊಂದು ಸಲ ಎಣಿಸಿಕೊಂಡು ಬರಲಾ? ಎಂದಳು.
ಬೇಡ ಎನ್ನುವಷ್ಟರಲ್ಲಿ ಹೊರಟಾಗಿತ್ತು.
ತೆರೆಯ ತುಂಬ ಕಲ್ಲು, ಹುಲ್ಲು, ಹರಿದ ಬೂಟು, ಕಲ್ಲು,
ಆಮೇಲೆ ಕಪ್ಪು.

ಏಳು ಕಡೆ ಫೋನು ಮಾಡಿದೆ.
ಎಂಟನೆಯವನು, ಸುಣ್ಣ ಸಾಗಿಸುವ ಲಾರಿಯವನು, ಹೂಂ ಎಂದ.

ಹದಿನೈದನೆಯವರು ಕಾಯುತ್ತಿದ್ದಾರೆ,
ಹಸಿರು ಚುಕ್ಕೆ ಮಿನುಗುತ್ತಿದೆ.
ನಾನು ಮತ್ತೆ ಒಂಬತ್ತು ಬೆರಳು ಮಡಚಿ ಕೂತಿದ್ದೇನೆ,
ಉಳಿದ ಹೆಬ್ಬೆರಳು ನೆಟ್ಟಗೆ.
ಅದರ ಹೆಸರು ಎಂದೋ ಕೇಳಿದ್ದೆ,
ಜೋಳದ ತೆನೆ ಬಿಡಿಸುತ್ತಿದ್ದ ಮುದಿಬಾಯಿಯಲ್ಲಿ,
ಕದ ಹಾಕಿಕೊಂಡು, ಯಾರಿಗೂ ಕೇಳದ ಹಾಗೆ.

ಚುಂಕ, ಎನ್ನುತ್ತೇನೆ ಕಪ್ಪು ಗಾಜಿಗೆ.
ಗಟ್ಟಿಯಾಗಿ. ಚುಂಕ.